ಜೂನಿಯರ್ ವೆಲ್ಸ್‌ನ ‘ಹೂಡೂ ಮ್ಯಾನ್ ಬ್ಲೂಸ್’: ಮೌತ್ ಆರ್ಗನ್ ಇಷ್ಟು ಕಮ್ಮಿ ಯಾಕೆ?

ನೀವು ಕೇಳಿದ್ದು ಎರಡು ಮಾತು. ಶಿಕಾಗೊದ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಒಂದು ಪ್ರಕಾರ) ಗಾಯಕ, ಮೌತ್ ಆರ್ಗನ್ ವಾದಕ ಜೂನಿಯರ್ ವೆಲ್ಸ್‌ನ ಈ ಆಲ್ಬಮ್ಮನ್ನು ಬಲ್ಲವರೆಲ್ಲ ಹೊಗಳುತ್ತಾರೆ, ಆದರೆ ಎರಡು ಸಲ ಕೇಳಿದರೂ ಮೌತ್ ಆರ್ಗನ್ ಹೆಚ್ಚು ಕೇಳಿಸಲಿಲ್ಲ, ಅದೇ ಊರಿನ ಇನ್ನೊಬ್ಬ ಮೌತ್ ಆರ್ಗನ್ ಪಟು ಲಿಟಲ್ ವಾಲ್ಟರ್ ಮುಂದೆ ಈತ ಸಪ್ಪೆ ಅಲ್ಲವೇ ಅನ್ನುವುದು ಒಂದು. ಕಲಿಯುವವರು ಇದನ್ನು ಇಟ್ಟುಕೊಂಡು ಅಭ್ಯಾಸ ಮಾಡಬಹುದೇ ಅನ್ನುವುದು ಇನ್ನೊಂದು.

ಸಪ್ಪೆ ಅಲ್ಲ. ಸ್ವರ ಎಣಿಸುತ್ತಾ ಕೂತರೆ ವೆಲ್ಸ್ ಸೋಲುತ್ತಾನೆ, ಅದು ನಿಜ. ಆದರೆ ಲಿಟಲ್ ವಾಲ್ಟರ್ ಮೌತ್ ಆರ್ಗನ್ನನ್ನು ಸ್ಯಾಕ್ಸೊಫೋನಿನ ಹಾಗೆ ಮುಂದೆ ನಿಲ್ಲಿಸಿದರೆ, ವೆಲ್ಸ್ ಅದನ್ನು ತನ್ನದೇ ಮಾತಿನ ಉಳಿದರ್ಧ ಮಾಡಿಕೊಂಡ. ಅರ್ಧ ವಾಕ್ಯ ಬಾಯಲ್ಲಿ ಹೇಳುತ್ತಾನೆ, ಉಳಿದದ್ದನ್ನು ವಾದ್ಯದ ರೀಡಿನಲ್ಲಿ (ಉಸಿರಿಗೆ ನಡುಗಿ ಸ್ವರ ಕೊಡುವ ಲೋಹದ ಪಟ್ಟಿ) ಮುಗಿಸುತ್ತಾನೆ. ಕೆಲವೊಮ್ಮೆ ಮುಗಿಸುವುದೂ ಇಲ್ಲ, ಹಾಗೇ ಬಿಡುತ್ತಾನೆ. ಆ ಬಿಟ್ಟ ಜಾಗಕ್ಕೆ ನನ್ನ ಮಟ್ಟಿಗೆ ಈ ಆಲ್ಬಮ್ಮಿನ ಅರ್ಧ ಬೆಲೆ.

ಜಾಗ ಹೇಗೆ ಸಿಕ್ಕಿತು ಅಂದರೆ, ರೆಕಾರ್ಡಿಂಗ್ ಆದ ರೀತಿಯೇ ಹಾಗಿತ್ತು. 1965ರ ಸೆಪ್ಟೆಂಬರ್, ಶಿಕಾಗೊ, ಡೆಲ್ಮಾರ್ಕ್ ಕಂಪನಿಯ ಬಾಬ್ ಕೋಸ್ಟರ್ ನಿರ್ಮಾಪಕ. ನಾಲ್ಕೇ ಜನ: ವೆಲ್ಸ್, ಗಿಟಾರಿಗೆ ಬಡ್ಡಿ ಗೈ, ಬಾಸ್‌ಗೆ ಜ್ಯಾಕ್ ಮೈಯರ್ಸ್, ಡ್ರಮ್ಸಿಗೆ ಬಿಲ್ಲಿ ವಾರೆನ್. ಪಿಯಾನೊ ಇಲ್ಲ, ಎರಡನೇ ಗಿಟಾರೂ ಇಲ್ಲ. ಆಗ ಬ್ಲೂಸ್ ಅಂದರೆ ಜೂಕ್‌ಬಾಕ್ಸಿಗೆಂದು ಮಾಡುವ ಎರಡೂವರೆ–ಮೂರು ನಿಮಿಷದ 45 ಆರ್‌ಪಿಎಂ ತಟ್ಟೆ. ಹೆಚ್ಚಾಗಿ ಅಂಥ ಹಳೆಯ ತಟ್ಟೆಗಳನ್ನು ಕೂಡಿಸಿಯೇ ಎಲ್‌ಪಿ, ಅಂದರೆ ಹಲವು ಹಾಡುಗಳ ದೊಡ್ಡ ತಟ್ಟೆ, ಮಾಡುತ್ತಿದ್ದರು. ಕೋಸ್ಟರ್ ಹಾಗೆ ಮಾಡದೆ, ರಾತ್ರಿ ಕ್ಲಬ್ಬಿನಲ್ಲಿ ನುಡಿಸುವ ತಂಡವನ್ನೇ ಸ್ಟುಡಿಯೋಗೆ ಕರೆದು, ಗಡಿಯಾರ ನೋಡದೆ ನುಡಿಸಿ ಅಂದ. ಬಡ್ಡಿ ಗೈ ಆಗ ಚೆಸ್ ಕಂಪನಿಯ ಕರಾರಿನಲ್ಲಿದ್ದಾನೆಂದು ತಿಳಿದು, ಮೊದಲ ಮುದ್ರಣಗಳ ಹೊದಿಕೆಯ ಮೇಲೆ ಅವನ ಹೆಸರನ್ನು ‘ಫ್ರೆಂಡ್ಲಿ ಚಾಪ್’ ಅಂತ ಹಾಕಿದರು. ಇಂಗ್ಲಿಷಿನಲ್ಲಿ ‘ಬಡ್ಡಿ’ ಅಂದರೆ ಗೆಳೆಯ, ಅದಕ್ಕೆ ಫ್ರೆಂಡ್ಲಿ; ‘ಗೈ’ ಅಂದರೆ ಆಸಾಮಿ, ಅದಕ್ಕೆ ಚಾಪ್. ಹೆಸರಿನ ಅರ್ಥ ಹಿಡಿದು ಹೆಣೆದ ತಮಾಷೆ ಅದು.

ಶೀರ್ಷಿಕೆಯ ಹಾಡು ಏಳನೆಯದು. ಅಲ್ಲಿ ಗಿಟಾರು ನೀರಿನೊಳಗಿಂದ ಬಂದಂತೆ ಅಲುಗುತ್ತದೆ, ಗಮನಿಸಿ. ರೆಕಾರ್ಡಿಂಗ್ ಮಧ್ಯೆ ಬಡ್ಡಿ ಗೈನ ಆಂಪ್ಲಿಫೈಯರ್ ಕೈಕೊಟ್ಟಿತು. ಅದು ರಿಪೇರಿ ಆಗುವ ತನಕ ಗಿಟಾರಿನ ವೈರನ್ನು ಹ್ಯಾಮಂಡ್ ಆರ್ಗನ್ನಿನ ಲೆಸ್ಲಿ ಸ್ಪೀಕರಿಗೆ ಸಿಕ್ಕಿಸಿದರು. ಲೆಸ್ಲಿ ಪೆಟ್ಟಿಗೆಯೊಳಗೆ ಧ್ವನಿ ಹೊರಗೆ ಬರುವ ಬಾಯಿ ಮೋಟರಿನಿಂದ ಗಿರಗಿರ ತಿರುಗುತ್ತದೆ. ನಮ್ಮ ಕಡೆ ತಿರುಗಿದಾಗ ಸ್ವರ ತುಸು ಏರುತ್ತದೆ, ಆಚೆ ತಿರುಗಿದಾಗ ಇಳಿಯುತ್ತದೆ, ದಾಟಿ ಹೋಗುವ ಬಸ್ಸಿನ ಹಾರನ್ನಿನಂತೆ. ಹಾಡಿನ ವಿಷಯವೂ ಅದಕ್ಕೆ ಸರಿಯಾಗಿದೆ: ಹೂಡೂ ಅಂದರೆ ಅಮೆರಿಕದ ಕಪ್ಪು ಜನರ ಮಾಟಮಂತ್ರ, ಇಲ್ಲಿ ಮಾಟಗಾರನಿಗೇ ಯಾರೋ ಮಾಟ ಮಾಡಿಸಿದ್ದಾರೆ. ಕೆಟ್ಟ ಆಂಪು ಆ ಹಾಡಿಗೆ ಒದಗಿಬಂತು.

ಈಗ ಕೇಳುವ ಕ್ರಮ. ಮೊದಲು ಫೋನಿನ ಸ್ಪೀಕರ್ ಬಿಡಿ. ಅದರಲ್ಲಿ ಮೈಯರ್ಸ್‌ನ ಬಾಸ್ ಪೂರ್ತಿ ಸತ್ತುಹೋಗುತ್ತದೆ, ಬಾಸ್ ಇಲ್ಲದಿದ್ದರೆ ವೆಲ್ಸ್ ಬಿಟ್ಟ ಜಾಗ ಬರೀ ಖಾಲಿ ಅನಿಸುತ್ತದೆ. ಸಾಧಾರಣ ಇಯರ್‌ಫೋನ್ ಸಾಕು. ಆಮೇಲೆ ಎರಡನೆಯ ಹಾಡು ‘ಶಿಪ್ಸ್ ಆನ್ ದಿ ಓಷನ್’ ಹಾಕಿ, ತೊಡೆಯ ಮೇಲೆ ತಾಳ ಹಾಕಿ. ಬ್ಲೂಸಿನ ಒಂದು ಸುತ್ತು 12 ಬಾರ್, ಬಾರಿಗೆ 4 ಎಣಿಕೆ, ಒಟ್ಟು 48. ಆದಿತಾಳ ಬಲ್ಲವರಿಗೆ ಇದು ಸಲೀಸು: 8 ಅಕ್ಷರದ ಆರು ಆವರ್ತ. ನಡೆ ಮಾತ್ರ ತಿಶ್ರ, ಪ್ರತಿ ಎಣಿಕೆಯೊಳಗೆ ಒಂದು ‘ತಕಿಟ’. (ಓಡುವ ಶಫಲ್‌ನಲ್ಲಿ, ಅಂದರೆ ಕುಂಟುತ್ತಾ ಸಾಗುವ ಬ್ಲೂಸ್ ನಡೆಯಲ್ಲಿ, ನಡುವಿನ ‘ಕಿ’ ನುಂಗಿಹೋಗಿ ‘ತ–ಟ’ ಮಾತ್ರ ಉಳಿಯುತ್ತದೆ.) ಆರು ಆವರ್ತವನ್ನು ಎರಡೆರಡಾಗಿ ಜೋಡಿಸಿಕೊಳ್ಳಿ. ಪ್ರತಿ ಜೋಡಿಯ ಮೊದಲ ಆವರ್ತ ಹೆಚ್ಚುಕಮ್ಮಿ ಕಂಠಕ್ಕೆ, ಎರಡನೆಯದು ಉತ್ತರಕ್ಕೆ. ಆ ಉತ್ತರ ಒಮ್ಮೆ ಗಿಟಾರಿನದು, ಒಮ್ಮೆ ಮೌತ್ ಆರ್ಗನ್ನಿನದು, ಒಮ್ಮೆ ಬರೀ ನಾಲಿಗೆಯ ಲೊಚಗುಟ್ಟುವಿಕೆ ಅಥವಾ ಒಂದು ಉಸಿರು. ಯಾರು ಉತ್ತರ ಕೊಡುತ್ತಾರೆ ಅಂತ ಮೂರು ಸುತ್ತು ಕಾದು ನೋಡಿ. ನಿಮಗೆ ‘ಕಮ್ಮಿ’ ಅನಿಸಿದ್ದು ವೆಲ್ಸ್‌ಗೂ ಬಡ್ಡಿ ಗೈಗೂ ನಡುವಿನ ಹಂಚಿಕೆ ಅಂತ ಆಗ ಗೊತ್ತಾಗುತ್ತದೆ.

ಮೌತ್ ಆರ್ಗನ್ನೇ ಬೇಕು ಅನ್ನುವವರಿಗೆ ‘ಚಿಟ್ಲಿನ್ ಕಾನ್ ಕಾರ್ನೆ’ ಇದೆ. ಮೂಲದಲ್ಲಿ ಅದು ಜಾಜ್ ಗಿಟಾರಿಸ್ಟ್ ಕೆನ್ನಿ ಬರೆಲ್‌ನ ರಚನೆ, ಅಲ್ಲಿ ಸ್ಟ್ಯಾನ್ಲಿ ಟರೆಂಟೈನ್ ಸ್ಯಾಕ್ಸೊಫೋನ್ ಊದಿದ್ದಾನೆ. ಆ ಸ್ಯಾಕ್ಸಿನ ಪೀಠದಲ್ಲಿ ವೆಲ್ಸ್ ಹತ್ತು ತೂತಿನ ಪುಟ್ಟ ವಾದ್ಯ ಹಿಡಿದು ಕೂರುತ್ತಾನೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ‘ಸ್ನ್ಯಾಚ್ ಇಟ್ ಬ್ಯಾಕ್ ಅಂಡ್ ಹೋಲ್ಡ್ ಇಟ್’ನಲ್ಲಿ ಗಾಯಕ ಜೇಮ್ಸ್ ಬ್ರೌನ್‌ನ ಆ ಕಾಲದ ಫಂಕ್ (ತಾಳಕ್ಕೇ ಒತ್ತು ಕೊಡುವ ಕುಣಿತದ ಸಂಗೀತ) ನೇರವಾಗಿ ನುಗ್ಗಿದೆ. ‘ಗುಡ್ ಮಾರ್ನಿಂಗ್ ಸ್ಕೂಲ್‌ಗರ್ಲ್’ನ ಮಾತು ಇವತ್ತು ಮುಜುಗರ ತರುತ್ತದೆ, ನುಡಿಸಾಣಿಕೆಗೆ ಕಿವಿ ಕೊಟ್ಟು ಮುಂದೆ ಹೋಗಿ. ಆ ಹಾಡೂ ಶೀರ್ಷಿಕೆಯ ಹಾಡೂ ಹಿಂದಿನ ತಲೆಮಾರಿನ ಮೌತ್ ಆರ್ಗನ್ ಗಾಯಕ ಜಾನ್ ಲೀ ‘ಸನ್ನಿ ಬಾಯ್’ ವಿಲಿಯಮ್ಸನ್ ಕಡೆಯಿಂದ ಬಂದವು. ಹಾಡುತ್ತಾ ಊದುವ, ಊದುತ್ತಾ ಹಾಡುವ ಆ ಪಾಠವೂ ಅವನದೇ. ಅವನು ಶಿಕಾಗೊದ ಬೀದಿಯಲ್ಲಿ ಕೊಲೆಯಾದದ್ದು 1948ರಲ್ಲಿ. ಹದಿಹರೆಯದ ವೆಲ್ಸ್ ಆ ಊರು ಸೇರಿದ್ದೂ ಅದೇ ವರ್ಷ.

ಇಷ್ಟಾದರೂ ವೆಲ್ಸ್‌ನ ಹೆಸರು ಯಾಕೆ ಹಿಂದೆ ಉಳಿಯಿತು? 1952ರಲ್ಲಿ ಶಿಕಾಗೊ ಬ್ಲೂಸಿನ ದೊಡ್ಡ ಗಾಯಕ ಮಡ್ಡಿ ವಾಟರ್ಸ್‌ನ ತಂಡದಲ್ಲಿ ಲಿಟಲ್ ವಾಲ್ಟರ್ ಬಿಟ್ಟ ಜಾಗಕ್ಕೇ ವೆಲ್ಸ್ ಹೋದ, ಹೋಲಿಕೆ ಅಂದೇ ಬೆನ್ನಿಗೆ ಬಿತ್ತು. ಮುಂದೆ ಬಡ್ಡಿ ಗೈ ಜಗತ್ತು ಸುತ್ತಿ ದೊಡ್ಡ ಹೆಸರಾದ. ಮುಂಬೈನ ಮಹೀಂದ್ರಾ ಬ್ಲೂಸ್ ಫೆಸ್ಟಿವಲ್‌ಗೂ 2011ರಲ್ಲಿ ಬಂದು ನುಡಿಸಿದ. ವೆಲ್ಸ್ 1998ರ ಜನವರಿಯಲ್ಲೇ ತೀರಿಕೊಂಡಿದ್ದ. ಹೀಗಾಗಿ ನಮ್ಮಲ್ಲಿ ಅನೇಕರಿಗೆ ಇದು ‘ಬಡ್ಡಿ ಗೈ ಗಿಟಾರ್ ನುಡಿಸಿದ ಹಳೆಯ ಆಲ್ಬಮ್’. ಹೊದಿಕೆಯ ಮೇಲೆ ಹೆಸರು ಮುಚ್ಚಿಟ್ಟವನೇ ಈಗ ಎದ್ದು ಕಾಣುತ್ತಾನೆ.

ಇನ್ನು ಕಲಿಕೆ. ಇದನ್ನು ಇಟ್ಟುಕೊಂಡು ಅಭ್ಯಾಸ ಮಾಡಬಹುದು, ಖಂಡಿತ. ಆದರೆ ವಾದ್ಯ ಕೊಳ್ಳುವಲ್ಲೇ ಹೆಚ್ಚಿನವರು ಎಡವುತ್ತಾರೆ. ನಮ್ಮ ಅಂಗಡಿಗಳಲ್ಲಿ ಮೌತ್ ಆರ್ಗನ್ ಅಂದರೆ ಕೊಡುವುದು ಸಾಮಾನ್ಯವಾಗಿ 24 ತೂತಿನ, ಮೇಲೆ ಕೆಳಗೆ ಎರಡು ಸಾಲಿನ ಟ್ರೆಮೊಲೊ. ಸಿನಿಮಾ ಹಾಡಿಗೆ ಅದು ಚೆನ್ನ. ಬ್ಲೂಸಿನ ಬೆಂಡ್ (ಸ್ವರವನ್ನು ಬಗ್ಗಿಸಿ ಇಳಿಸುವುದು) ಅದರಲ್ಲಿ ಬರುವುದಿಲ್ಲ, ಯಾಕೆಂದರೆ ಬೆಂಡ್ ಆಗಲು ಊದುವ ರೀಡೂ ಎಳೆಯುವ ರೀಡೂ ಒಂದೇ ಕೋಣೆಯಲ್ಲಿ ಇರಬೇಕು, ಟ್ರೆಮೊಲೊದಲ್ಲಿ ಪ್ರತಿ ರೀಡಿಗೂ ಬೇರೆ ಕೋಣೆ. ಗುಂಡಿ ಇರುವ ಕ್ರೊಮ್ಯಾಟಿಕ್ ಕೂಡ ಸದ್ಯಕ್ಕೆ ಬೇಡ. ಹತ್ತು ತೂತಿನ ಡಯಟಾನಿಕ್, ಶ್ರುತಿ ಸಿ, ಅಂತ ಬಿಡಿಸಿ ಕೇಳಿ.

ಸಿ ವಾದ್ಯದಲ್ಲಿ ನುಡಿಸುವುದು ಜಿ ಶ್ರುತಿಯ ಬ್ಲೂಸ್. ಇದಕ್ಕೆ ಕ್ರಾಸ್ ಹಾರ್ಪ್ ಅನ್ನುತ್ತಾರೆ. 2ನೇ ತೂತಿನ ಎಳೆತ (ಉಸಿರನ್ನು ಒಳಗೆಳೆದಾಗ ಬರುವ ಸ್ವರ) ನಿಮ್ಮ ಷಡ್ಜ. 3ರ ಎಳೆತ ಅಂತರ ಗಾಂಧಾರ, ಅದನ್ನು ಅರ್ಧ ಸ್ವರ ಬಗ್ಗಿಸಿದರೆ ಸಾಧಾರಣ ಗಾಂಧಾರ. 4ರ ಎಳೆತ ಪಂಚಮ, ಬಗ್ಗಿಸಿದರೆ ಪ್ರತಿ ಮಧ್ಯಮ. 5ರ ಎಳೆತ ಕೈಶಿಕಿ ನಿಷಾದ. ಬ್ಲೂಸಿನ ಗಾಂಧಾರ ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ತೂಗಾಡುತ್ತದೆ. ಗಮಕ ಕೇಳಿ ಬೆಳೆದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಗ್ಗಿಸುವುದು ನಾಲಿಗೆಯ ಕೆಲಸ, ಎದೆಯದ್ದಲ್ಲ. ಎಳೆಯುತ್ತಾ ‘ಈ’ ಅನ್ನುವ ಬಾಯಿಯನ್ನು ‘ಊ’ ಕಡೆಗೆ ತಿರುಗಿಸಿ, ನಾಲಿಗೆಯ ನಡುಭಾಗ ಹಿಂದಕ್ಕೆ ಸರಿಯಬೇಕು. ಮೊದಲು 4ರಲ್ಲಿ ಪ್ರಯತ್ನಿಸಿ, ಅಲ್ಲಿ ಅರ್ಧ ಸ್ವರವಷ್ಟೇ ಇಳಿಯುವುದರಿಂದ ಸುಲಭ. 3 ಎಲ್ಲಕ್ಕಿಂತ ಕಷ್ಟ, ಒಂದೂವರೆ ಸ್ವರದಷ್ಟು ಜಾರುತ್ತದೆ, ನಡುವೆ ನಿಲ್ಲಿಸಲು ತಿಂಗಳುಗಳೇ ಬೇಕು. ಬರಲಿಲ್ಲ ಅಂತ ಜೋರಾಗಿ ಹೀರಿದರೆ ರೀಡು ದಣಿದು ಶ್ರುತಿ ಇಳಿಯುತ್ತದೆ, ಮತ್ತೆ ಏರುವುದಿಲ್ಲ.

ಇನ್ನೊಂದು ಸಾಮಾನ್ಯ ತಪ್ಪು 5ನೇ ಬಾರಿನದು. ಅಲ್ಲಿ ಗಿಟಾರಿನ ಆಧಾರ ಮಧ್ಯಮಕ್ಕೆ ಸರಿಯುತ್ತದೆ. ಆಗ 3ರ ಎಳೆತವನ್ನು ಬಗ್ಗಿಸದೆ ಹಿಡಿದರೆ ಅದು ಆ ಮಧ್ಯಮಕ್ಕೆ ಅರ್ಧ ಸ್ವರದಲ್ಲಿ ಉಜ್ಜುತ್ತದೆ, ಕಿವಿಗೆ ಕಲ್ಲು ಸಿಕ್ಕಿದಂತೆ. ಬಗ್ಗಿಸಿ, ಇಲ್ಲವೇ 4ನ್ನು ಊದಿ. 9ನೇ ಬಾರಿಗೆ ಪಂಚಮ, 10ಕ್ಕೆ ಮತ್ತೆ ಮಧ್ಯಮ, 11ಕ್ಕೆ ಮನೆಗೆ, ಅಂದರೆ ಷಡ್ಜಕ್ಕೆ.

ವೆಲ್ಸ್‌ನ ಶೈಲಿಗೆ ಒಂದು ಅಭ್ಯಾಸ: 12 ಬಾರಿನ ಸುತ್ತಿಗೆ ಆರೇ ಸ್ವರ ಅಂತ ನಿಮಗೆ ನೀವೇ ಪಡಿತರ ಹಾಕಿಕೊಳ್ಳಿ. ಕಂಠ ಇರುವ ಕಡೆ ಒಂದೂ ಬೇಡ. ಒಂದೇ ಸ್ವರವನ್ನು ಕಡಿದು ಕಡಿದು, ಎಣಿಕೆಗೆ ಕೂದಲೆಳೆ ಹಿಂದೆ ಬೀಳಿಸಿ. ಹೊಸಬರು ಎಡವುವುದು ಇಲ್ಲೇ, ಬೆಂಡ್ ಬಂದ ಖುಷಿಯಲ್ಲಿ ಹಾಡುವವನ ಮೇಲೆಯೇ ಊದುತ್ತಿರುತ್ತಾರೆ.

ಸಿ.ಡಿ. ಅಥವಾ ಸ್ಟ್ರೀಮಿಂಗ್‌ನ ಹೊಸ ಆವೃತ್ತಿಗಳಲ್ಲಿ ಬೇರೆ ಟೇಕ್‌ಗಳನ್ನೂ ಸ್ಟುಡಿಯೋ ಮಾತುಕತೆಯನ್ನೂ ಕೊನೆಗೆ ಸೇರಿಸಿದ್ದಾರೆ. ಮೊದಲ ಸಲ ಹನ್ನೆರಡನೆಯ ಹಾಡು ‘ಯಾಂಡರ್ ವಾಲ್’ ಆದಮೇಲೆ ನಿಲ್ಲಿಸಿಬಿಡಿ. ಆಮೇಲೆ ವೆಲ್ಸ್ 1953ರಲ್ಲಿ ಸ್ಟೇಟ್ಸ್ ಕಂಪನಿಗೆ ಹಾಡಿದ ‘ಹೂಡೂ ಮ್ಯಾನ್’ ಹುಡುಕಿ ಕೇಳಿ. ಆಗ ಅವನಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಹಾಡು ಅದೇ, ಎಲ್ಲಿ ಸುಮ್ಮನಾಗಬೇಕು ಅನ್ನುವುದನ್ನು ನಡುವಿನ ಹನ್ನೆರಡು ವರ್ಷದಲ್ಲಿ ಕಲಿತಿದ್ದಾನೆ.