ಆರ್ಚರಿ ಅರ್ಜುನನ ಕಾಲದಿಂದ ಬಂದದ್ದಾ? 40 ವರ್ಷಕ್ಕೆ ಶುರು ಮಾಡಬಹುದಾ?

ಮೈಸೂರಿನಲ್ಲಿ ಆರ್ಚರಿ ಕ್ಲಬ್ ಸೇರಬೇಕು ಅಂತಿದ್ದೀರಿ. ಇದು ನಮ್ಮ ಹಳೇ ಬಿಲ್ವಿದ್ಯೆಯೇ ಮುಂದುವರಿದದ್ದಾ, 40ಕ್ಕೆ ತಡವಾಯ್ತಾ ಅಂತ ಕೇಳಿದ್ದೀರಿ.

ತಡವೇನೂ ಇಲ್ಲ. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಕ್ವೀನಿ ನ್ಯೂವಾಲ್‌ಗೆ ಆಗ 53 ವರ್ಷ! ನಾನೇ ಇಲ್ಲಿ ಸೇರಿದ್ದು 43ಕ್ಕೆ.

ಅರ್ಜುನನ ವಿಷಯದಲ್ಲಿ ಮಾತ್ರ ಬೇಜಾರು ಮಾಡ್ಕೋಬೇಡಿ. ನಾವು ಇವತ್ತು ಆಡುವ ಆಟ ಬಂದದ್ದು ಇಂಗ್ಲೆಂಡಿನಿಂದ. ಬಂದೂಕು ಬಂದ ಮೇಲೆ ಯುದ್ಧದಲ್ಲಿ ಬಿಲ್ಲಿಗೆ ಕೆಲಸ ಹೋಯ್ತು. ಅಲ್ಲಿನ ಅನುಕೂಲಸ್ಥರು ಅದನ್ನು ಹವ್ಯಾಸ ಮಾಡಿಕೊಂಡರು. ರಾಯಲ್ ಟಾಕ್ಸೊಫಿಲೈಟ್ ಸೊಸೈಟಿ ಅನ್ನೋ ಬಿಲ್ಲುಗಾರರ ಸಂಘ ಶುರುವಾದದ್ದು 1781ರಲ್ಲಿ. ಊರೂರಿಗೆ ಕ್ಲಬ್ಬು, ವರ್ಷಕ್ಕೊಮ್ಮೆ ಕೂಟ, ಹೀಗೆ ಬೆಳೆಯಿತು. ಒಲಿಂಪಿಕ್ಸ್‌ಗೂ ಬಂತು. ಆದರೆ ಒಂದೊಂದು ದೇಶಕ್ಕೆ ಒಂದೊಂದು ನಿಯಮ. 1920ರ ನಂತರ ಕೈಬಿಟ್ಟರು. 1931ರಲ್ಲಿ ಅಂತಾರಾಷ್ಟ್ರೀಯ ಸಂಸ್ಥೆ ಹುಟ್ಟಿ ಎಲ್ಲರಿಗೂ ಒಂದೇ ನಿಯಮ ತಂದಿತು. ಆಮೇಲೂ ಒಲಿಂಪಿಕ್ಸ್‌ಗೆ ಮರಳಲು 1972 ಬೇಕಾಯ್ತು. ಮರುವರ್ಷವೇ ನಮ್ಮಲ್ಲಿ ಆರ್ಚರಿ ಅಸೋಸಿಯೇಷನ್ ಆಫ್ ಇಂಡಿಯಾ ಆಯ್ತು.

ಇನ್ನೊಂದು ತಮಾಷೆ ನೋಡಿ. ಏಕಲವ್ಯ ಈಗಿನ ಕ್ಲಬ್ಬಿಗೆ ಬಂದಿದ್ದರೆ ಹೆಬ್ಬೆರಳು ಇಲ್ಲದಿದ್ದರೂ ನಡೆಯುತ್ತಿತ್ತು. ನಾವು ಹೆದೆ ಎಳೆಯುವುದು ಮೂರು ಬೆರಳಲ್ಲಿ: ಬಾಣದ ಮೇಲೆ ತೋರುಬೆರಳು, ಕೆಳಗೆ ಎರಡು. ಹೆಬ್ಬೆರಳಲ್ಲಿ ಎಳೆಯುವುದು ಏಷ್ಯಾದ ಹಳೇ ಪದ್ಧತಿ.

ಹಾಗಂತ ನಮ್ಮದು ಅನ್ನೋದು ಏನೂ ಇಲ್ಲ ಅಂತಲ್ಲ. ಇಂಡಿಯನ್ ರೌಂಡ್ ಅಂತ ಒಂದು ವಿಭಾಗವಿದೆ. ಬಿದಿರು, ಮರದ ಬಿಲ್ಲು. ಗುರಿ ನೋಡಲು ಸೈಟ್ ಇರಲ್ಲ. ರಾಜಸ್ಥಾನದ ಬುಡಕಟ್ಟಿನ ಹುಡುಗ ಲಿಂಬಾ ರಾಮ್ ಬಿದಿರಿನ ಬಿಲ್ಲಿನಿಂದಲೇ ಶುರು ಮಾಡಿ 1988, 1992, 1996ರ ಮೂರೂ ಒಲಿಂಪಿಕ್ಸ್ ಆಡಿದರು. ನನ್ನ ಕೇಳಿದರೆ ನೀವೂ ಅದರಲ್ಲೇ ಶುರು ಮಾಡಿ. ಖರ್ಚೂ ಕಮ್ಮಿ.

ನಾನು ಹಾಗೆ ಮಾಡಲಿಲ್ಲ. ಮೊದಲ ತಿಂಗಳೇ ಆನ್‌ಲೈನಲ್ಲಿ 38 ಪೌಂಡಿನ ರಿಕರ್ವ್ ಬಿಲ್ಲು (ತುದಿಗಳು ಮುಂದಕ್ಕೆ ಬಾಗಿರುವ ಬಿಲ್ಲು) ತರಿಸಿದೆ. ಪೌಂಡ್ ಅಂದರೆ ಹೆದೆ ಎಳೆಯಲು ಬೇಕಾದ ಬಲ. ಹೊಸಬರಿಗೆ 18-20 ಸಾಕು. ಎಳೆದು ಹಿಡಿಯುವಷ್ಟರಲ್ಲಿ ಕೈ ನಡುಗುತ್ತಿತ್ತು. ಬಿಟ್ಟ ಹೆದೆ ಎಡಗೈ ಒಳಭಾಗಕ್ಕೆ ಛಟೀರ್ ಅಂತ ಬಡಿದು, ವಾರವಿಡೀ ಬದನೆಕಾಯಿ ಬಣ್ಣ. ಭುಜ ಹಿಡಿದುಕೊಂಡು ಎರಡು ತಿಂಗಳು ಸುಮ್ನೆ ಕೂತೆ. ಕೋಚ್ ಏನೂ ಬೈಯಲಿಲ್ಲ. ಒಂದು ರಬ್ಬರ್ ಪಟ್ಟಿ ಕೊಟ್ಟು, "ಇದನ್ನ ಎಳೀರಿ ಸಾರ್" ಅಂದರು ಅಷ್ಟೇ. ಪಕ್ಕದಲ್ಲಿ ಆರನೇ ಕ್ಲಾಸಿನ ಹುಡುಗಿ ಆರಕ್ಕೆ ಆರು ಬಾಣ ಗುರಿಯ ನಡುವಿನ ಹಳದಿಗೆ ಹೊಡೆಯುತ್ತಿದ್ದಳು.

ಒಲಿಂಪಿಕ್ಸ್‌ನವರು ಹೊಡೆಯುವುದು 70 ಮೀಟರಿನಿಂದ. ನಿಮ್ಮನ್ನು ಮೊದಲು 10 ಮೀಟರಿಗೆ ನಿಲ್ಲಿಸುತ್ತಾರೆ, ಅವಮಾನ ಅಂದ್ಕೋಬೇಡಿ. ಅಲ್ಲೂ ಬಾಣ ತಪ್ಪುತ್ತೆ. ಅರ್ಧ ಬೆಳಿಗ್ಗೆ ಹುಲ್ಲಿನಲ್ಲಿ ಬಾಣ ಹುಡುಕೋದರಲ್ಲೇ ಹೋಗುತ್ತೆ, ಅದೂ ಮಳೆಗಾಲದಲ್ಲಿ ಇನ್ನೂ ಜಾಸ್ತಿ.

ಮೊದಲ ದಿನ ಸಡಿಲ ತೋಳಿನ ಅಂಗಿ ಹಾಕ್ಕೊಂಡು ಹೋಗಬೇಡಿ. ಹೆದೆಗೆ ಸಿಕ್ಕಿಕೊಳ್ಳುತ್ತೆ.