ಹಳೆಯ ಮಿಲಿಟರಿ ಪಿಸ್ತೂಲನ್ನು ಪುಣೆಯಲ್ಲಿ ಕೊಂಡು ಹೊಡೆಯಬಹುದಾ?

ಅಮೆರಿಕದವರು ಹಳೆಯ ಸೇನಾ ಪಿಸ್ತೂಲು ಕೊಳ್ಳುವ ವಿಡಿಯೊ ನೋಡಿ, ಪುಣೆಯಲ್ಲೂ ಆಗುತ್ತಾ ಅಂತ ಕೇಳಿದ್ದೀರಿ. ಹೆಚ್ಚಿನವು ಆಗುವುದಿಲ್ಲ. ಸೇನೆಯ 9 ಮಿ.ಮೀ., .45, .380, .455 ಗುಂಡು ಹಾರಿಸುವ ಪಿಸ್ತೂಲು, ರಿವಾಲ್ವರುಗಳು ನಮ್ಮಲ್ಲಿ ನಿಷೇಧಿತ ಬೋರ್, ಸಾಮಾನ್ಯರು ಕೊಳ್ಳುವಂತಿಲ್ಲ (ಬೋರ್ ಅಂದರೆ ನಳಿಗೆಯ ಒಳಗಿನ ಅಳತೆ, .45ರಂಥವು ಇಂಚಿನ ಲೆಕ್ಕ). ಅಜ್ಜನ ಕಾಲದ ಬ್ರಿಟಿಷ್ ರಿವಾಲ್ವರ್ ವೆಬ್ಲಿ .455 ಕೂಡ ಇದರಲ್ಲೇ ಬರುತ್ತದೆ.

ಹೆಚ್ಚಾಗಿ ಉಳಿಯುವುದು .32. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಬಳಸಿದ ವಾಲ್ಥರ್ ಪಿಪಿ ಪಿಸ್ತೂಲು ಇದೇ ಬೋರ್. ಅದರ ಮೇಲೆ 7.65 (ಮಿ.ಮೀ.) ಅಂತ ಕೆತ್ತಿದ್ದರೆ ಗಾಬರಿ ಬೇಡ, ಎರಡೂ ಒಂದೇ ಗುಂಡು. ಆದರೆ .32 ರಿವಾಲ್ವರಿನ ಗುಂಡು ಬೇರೆ, ಅದನ್ನು ಇದಕ್ಕೆ ಹಾಕಬೇಡಿ. ಮೊದಲು ಪೊಲೀಸ್ ಆಯುಕ್ತರ ಕಚೇರಿಯಿಂದ ಲೈಸೆನ್ಸ್, ಆಮೇಲೆ ಲೈಸೆನ್ಸ್ ಇರುವ ಅಂಗಡಿ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು.

ಕೊಳ್ಳುವ ಮುಂಚೆ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ತೆಗೆದು, ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆದು, ಚೇಂಬರ್ (ನಳಿಗೆಯ ಹಿಂದೆ ಗುಂಡು ಕೂರುವ ಜಾಗ) ಖಾಲಿ ಇದೆಯಾ ನೋಡಿ. ಆಮೇಲೆ ಸ್ಲೈಡ್ ಬಿಚ್ಚಿಸಿ ನಳಿಗೆಯನ್ನು ಬೆಳಕಿಗೆ ಹಿಡಿಸಿ (ವಾಲ್ಥರ್ ಪಿಪಿಯ ನಳಿಗೆ ಬಿಚ್ಚಲು ಬರುವುದಿಲ್ಲ). ಒಳಗೆ ಸಣ್ಣ ಸಣ್ಣ ಗುಳಿ ಕಂಡರೆ ಅದು ತುಕ್ಕು ತಿಂದ ಗುರುತು. ಹಳೆಯ ಸೇನಾ ಗುಂಡುಗಳ ಪ್ರೈಮರ್ (ಗುಂಡಿನ ಮದ್ದಿಗೆ ಕಿಡಿ ಕೊಡುವ ಭಾಗ) ಸುಟ್ಟಾಗ ನಳಿಗೆಯಲ್ಲಿ ಉಪ್ಪು ಉಳಿಯುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಕೇಳಬೇಕಾ? ಬರೀ ಎಣ್ಣೆಯಿಂದ ಉಪ್ಪು ಹೋಗಲ್ಲ. ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಎಣ್ಣೆ ಹಚ್ಚಿ.

ಸ್ಪ್ರಿಂಗುಗಳನ್ನು ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಕೈಲಿ ಬದಲಿಸಿ. ಅನುಮತಿ ಇರುವ ರೇಂಜಿನಲ್ಲಿ ಮೊದಲ ಸಲ ಮ್ಯಾಗಜೀನಿಗೆ ಎರಡೇ ಗುಂಡು ತುಂಬಿ. ಯಾಕಂದರೆ ಸವೆದ ಪಿಸ್ತೂಲು ಟ್ರಿಗರ್ ಒಂದೇ ಸಲ ಒತ್ತಿದರೂ ಎರಡು ಹಾರಿಸಬಹುದು.