ಕ್ಯಾತಿಟರ್‌ಗೆ ದಾರಿ ಸಿಗದಿದ್ದಾಗ

ಪ್ರಶ್ನೆ: ಮೂತ್ರ ಕಟ್ಟಿ ಕ್ಯಾಜುವಾಲ್ಟಿಗೆ ಬಂದ ಹೊರದೇಶದ ಹೆಂಗಸಿಗೆ ಕ್ಯಾತಿಟರ್ (ಮೂತ್ರ ತೆಗೆಯುವ ನಳಿಕೆ) ಹಾಕಲು ಹೋದರೆ ಮೂತ್ರದ್ವಾರವೇ ಕಾಣಲಿಲ್ಲ. ಚರ್ಮ ಹೊಲಿದಂತಿತ್ತು. ಹುಟ್ಟಿನಿಂದಲೇ ಹೀಗಿರುತ್ತದೆಯೇ?
— ಸ್ಟಾಫ್ ನರ್ಸ್, ದಾವಣಗೆರೆ

ಉತ್ತರ: ನಡುವೆ ಗಾಯದ ಗೆರೆ, ಅದರ ಕೆಳತುದಿಯಲ್ಲಿ ಸಣ್ಣ ತೂತು ಇದ್ದರೆ ಅದು ಹುಟ್ಟಿನ ದೋಷವಲ್ಲ, ಸ್ತ್ರೀ ಜನನಾಂಗ ಛೇದನದ ಮೂರನೇ ಬಗೆ. ಜನನಾಂಗದ ತುಟಿಗಳನ್ನು ಕತ್ತರಿಸಿ ಅಂಚು ಕೂಡಿಸಿರುತ್ತಾರೆ. ಸೊಮಾಲಿಯಾ, ಸುಡಾನ್ ಕಡೆ ಇದು ಹೆಚ್ಚು. ಮೂತ್ರದ್ವಾರ ಆ ಪರದೆಯ ಹಿಂದೆ ಇರುತ್ತದೆ. ಒಳ್ಳೆಯ ಬೆಳಕಿನಲ್ಲಿ, ಸಣ್ಣ ಕ್ಯಾತಿಟರ್‌ನಿಂದ ಮೆಲ್ಲಗೆ ಒಮ್ಮೆ ನೋಡಿ. ತಡೆದರೆ ತಳ್ಳಬೇಡಿ, ಹೊಕ್ಕುಳ ಕೆಳಗಿಂದ ನೇರ ಮೂತ್ರಕೋಶಕ್ಕೆ ಟ್ಯೂಬ್ ಹಾಕಬಲ್ಲ ವೈದ್ಯರನ್ನು ಕರೆಯಿರಿ.

ಇಂಥವರು ಹೆರಿಗೆ ನೋವಿನಲ್ಲಿ ಬಂದರೆ ಗಾಯ ಬಿಡಿಸಲೇಬೇಕಾಗಬಹುದು. ಆ ಜಾಗ ಮರಗಟ್ಟಿಸಲು ಶೇ. 1ರ ಲಿಗ್ನೊಕೇನ್, 50 ಕೆ.ಜಿ. ತೂಕಕ್ಕೆ 15 ಮಿ.ಲೀ. ಮೀರದಂತೆ. ಗಾಯದ ಹಿಂದೆ ಬೆರಳಿಟ್ಟು, ನಡುಗೆರೆಯಲ್ಲೇ ಮೇಲಕ್ಕೆ, ಮೂತ್ರದ್ವಾರ ಕಾಣುವವರೆಗೆ ಮಾತ್ರ ಕತ್ತರಿಸುತ್ತಾರೆ. ಅದಕ್ಕೂ ಮೇಲೆ ಹೋದರೆ ಗಾಯದಡಿ ಉಳಿದ ಚಂದ್ರನಾಡಿಗೆ (ಕ್ಲಿಟೋರಿಸ್) ತಾಗಿ ರಕ್ತ ನಿಲ್ಲುವುದಿಲ್ಲ. ಆಮೇಲೆ ಎರಡು ಅಂಚನ್ನೂ ಬೇರೆಬೇರೆ ಹೊಲಿಯಬೇಕು. 'ಮೊದಲಿನಂತೆ ಮುಚ್ಚಿಬಿಡಿ' ಎಂದು ಮನೆಯವರು ಕೇಳಿದರೂ ಒಪ್ಪಬಾರದು.

ಮೂರನೇ ಬಗೆ ಕಣ್ಣಿಗೆ ಹೊಡೆಯುತ್ತದೆ. ತಪ್ಪಿಹೋಗುವುದು ಮೊದಲನೆಯದು: ಕೆಲವೊಮ್ಮೆ ಚಂದ್ರನಾಡಿಯ ಮೇಲಿನ ಮುಸುಕಷ್ಟೇ ಕತ್ತರಿಸಿರುತ್ತಾರೆ, ಮಾಸಿದ ಮೇಲೆ ಅಭ್ಯಾಸವಿಲ್ಲದವರಿಗೆ ಎಲ್ಲವೂ ಸರಿಯಾಗಿಯೇ ತೋರುತ್ತದೆ. ಮತ್ತೆಮತ್ತೆ ಮೂತ್ರದ ಸೋಂಕು, ಗಾಯದ ಜಾಗದಲ್ಲಿ ಗಂಟು, ಪರೀಕ್ಷೆ ಎಂದರೆ ನಡುಕ — ಇವು ಸುಳಿವು. 'ಚಿಕ್ಕಂದಿನಲ್ಲಿ ಕೆಳಗೆ ಕತ್ತರಿಸಿದ್ದರಾ?' ಎಂದು ಏಕಾಂತದಲ್ಲಿ ಕೇಳಿ. ಮಾತು ತಿಳಿಸಿಕೊಡಲು ಗಂಡನನ್ನಾಗಲಿ ಅತ್ತೆಯನ್ನಾಗಲಿ ಕೂರಿಸಬೇಡಿ.

ಪ್ರಶ್ನೆ: 7 ವರ್ಷದ ಹುಡುಗಿ ಸೈಕಲ್ ಬಾರ್ ಮೇಲೆ ಬಿದ್ದಳು ಎಂದು ರಕ್ತಸ್ರಾವದೊಂದಿಗೆ ಕರೆತಂದರೆ, ಇದು ಛೇದನವೇ ಎಂದು ಯಾವಾಗ ಅನುಮಾನಿಸಬೇಕು?
— ವೈದ್ಯಾಧಿಕಾರಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಬಿದ್ದ ಪೆಟ್ಟು ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ, ಊದಿ ಕಪ್ಪುಗಟ್ಟಿರುತ್ತದೆ. ಸುತ್ತ ಬಾವು ಇಲ್ಲದೆ ಮುಸುಕಿನ ಜಾಗದಲ್ಲಷ್ಟೇ ನೇರ ಕೊಯ್ತ ಇದ್ದರೆ ಅನುಮಾನಿಸಿ. ಮೊದಲು ಗಾಜ್ ಒತ್ತಿ 10 ನಿಮಿಷ ಬಿಡದೆ ಹಿಡಿಯಿರಿ. ನಡುನಡುವೆ ತೆಗೆದು ನೋಡುವುದೇ ರಕ್ತ ನಿಲ್ಲದಿರಲು ಕಾರಣ. ಕುರುಡಾಗಿ ಕ್ಲಾಂಪ್ ಬೇಡ. ನಿಲ್ಲದಿದ್ದರೆ ಅರಿವಳಿಕೆ ಕೊಟ್ಟು ಹೊಲಿಗೆ. ಐ.ವಿ. ಲೈನ್, ಟೆಟನಸ್ ಲಸಿಕೆ, ಪ್ಯಾರಾಸಿಟಮಾಲ್ ಕೆ.ಜಿ.ಗೆ 15 ಮಿ.ಗ್ರಾಂ. ನೋವಿಗೆ ಹೆದರಿ ಮೂತ್ರ ಕಟ್ಟಿಕೊಂಡಿದ್ದಾಳೆಯೇ ನೋಡಿ. ಗಾಯದ ಚಿತ್ರ ಅಂದೇ ಬರೆದಿಡಿ, ವಾರಗಳಲ್ಲಿ ಗುರುತು ಮಾಸುತ್ತದೆ.

ನಮ್ಮ ದೇಶದಲ್ಲಿ ದಾವೂದಿ ಬೋಹ್ರಾ ಸಮುದಾಯದ ಕೆಲ ಕುಟುಂಬಗಳಲ್ಲಿ 'ಖತ್ನಾ' ಎಂದು ಸುಮಾರು ಇದೇ ವಯಸ್ಸಿಗೆ ಮಾಡಿಸುವುದುಂಟು. ವಿರೋಧಿಸುತ್ತಿರುವವರಲ್ಲಿ ಅದೇ ಸಮುದಾಯದ ಹೆಂಗಸರೂ ಇದ್ದಾರೆ. ಹಾಗಾಗಿ ಹೆಸರು, ಉಡುಪು ನೋಡಿ ತೀರ್ಮಾನಿಸಬೇಡಿ, ಗಾಯ ನೋಡಿ. ಇದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ. ಆದರೆ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಮುಂತಾದ ಕಾಯ್ದೆಗಳಡಿ ಇದು ಈಗಾಗಲೇ ಅಪರಾಧ ಎಂದು ಕೇಂದ್ರ 2018ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿದೆ. ಪೋಕ್ಸೊ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸಬೇಕು. 27ರಂತೆ ಬಾಲಕಿಯ ಪರೀಕ್ಷೆ ವೈದ್ಯೆಯೇ ಮಾಡಬೇಕು. ಎಂ.ಎಲ್.ಸಿ. (ಪೊಲೀಸ್ ಪ್ರಕರಣದ ವೈದ್ಯಕೀಯ ದಾಖಲೆ) ಬರೆಯಿರಿ, ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ. ಚಿಕಿತ್ಸೆಗಾಗಿ ಇವು ಯಾವುದನ್ನೂ ಕಾಯಬೇಡಿ. ಮನೆಯಲ್ಲಿ ತಂಗಿಯರು ಇದ್ದಾರೆಯೇ ಎಂಬುದನ್ನೂ ಕೇಳಿ ಅದೇ ಹಾಳೆಯಲ್ಲಿ ಬರೆಯಿರಿ.